ಎಂಬತ್ತೆರಡು

ಅಪ್ಪ ನನಗಿಟ್ಟ ಹೆಸರು ದೊಂದೂ.
‘ತಿರುಗಿತು’ ಎಂದರ್ಥ. ಮೂರು ಹೆಣ್ಣಾದ ಮೇಲೆ
ಇನ್ನಾದರೂ ಗಂಡಿನ ಕಡೆ ತಿರುಗಲಿ ಎಂದು.
ತಿರುಗಲಿಲ್ಲ. ಮುಂದಿನವಳಿಗೆ ಯೆತೆರ್ ಎಂದಿಟ್ಟ: ‘ಸಾಕು’.
ಹೆಸರಿಟ್ಟರೆ ಹಣೆಬರಹ ಬಗ್ಗುತ್ತದೆ
ಎಂದು ನಂಬಿದ ಮನೆ ನಮ್ಮದು.
ಊರೂ ಹಾಗೇ.

ಕವಕ್‌ಬೆಲಿ. ಸಿವಾಸ್ ಪ್ರಾಂತ್ಯದ ಬಾಲದ ತುದಿ.
ನಮ್ಮ ಗಾಡಿಗಳಿಗೆಲ್ಲ ಐವತ್ತೆಂಟು.
ತುರ್ಕಿಯ ಮೊದಲ ಅರವತ್ತೇಳು ಪ್ರಾಂತ್ಯಗಳು
ಅಕ್ಷರಮಾಲೆಯ ಸಾಲಿನಲ್ಲಿ, ಶಾಲೆಯ ಹಾಜರಿಯಂತೆ,
ಕೈಕಟ್ಟಿ ನಿಂತಿವೆ; ತಡವಾಗಿ ಬಂದವು
ಬಂದ ಹಾಗೆ ಹಿಂದೆ, ಎಂಬತ್ತೊಂದರವರೆಗೆ.
ಅಲ್ಲಿಗೆ ಬಾಗಿಲು ಹಾಕಿದೆ.
ಹೊರಗೆ, ಹಿಮದಲ್ಲಿ, ನಾವು.
ನಾವೊಬ್ಬರೇ ಅಲ್ಲ, ಇನ್ನೂ ಹತ್ತಾರು ಊರು,
ಎಲ್ಲರ ಎದೆಯಲ್ಲೂ ಅದೇ ಒಂದು ಅಂಕಿ.

ಚುನಾವಣೆಗೊಮ್ಮೆ ಬಸ್ಸಿನ ನೆತ್ತಿ ಹತ್ತಿದವರು
ಬೇರೇನೂ ಹೇಳಬೇಕಿರಲಿಲ್ಲ.
ಎಂಬತ್ತೆರಡು! ಅಂದರೆ ಸಾಕು,
ಎರಡು ಟಗರು ಬೀಳುತ್ತಿದ್ದವು,
ಯಾರೋ ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು,
ಜುಲ್ಕುಫ್ ಚಹಾದಂಗಡಿಯ ಬೋರ್ಡು
ಮತ್ತೆ ಹೊಸದಾಗಿ ಬರೆಸುತ್ತಿದ್ದ.
ಬಸ್ಸು ಕಣಿವೆ ಇಳಿದ ಮೇಲೆ
ಹಳೇ ಗಂಡನ ಪಾದವೇ ಗತಿ:
ಐವತ್ತೆಂಟು.

“ಪ್ರಾಂತ್ಯವಾದರೆ ಹಿಟ್ಟು ಅಗ್ಗವಾಗುತ್ತದಾ?”
ಅಮ್ಮ ಕೇಳುತ್ತಿದ್ದಳು, ರೊಟ್ಟಿ ಲಟ್ಟಿಸುತ್ತಾ.
ಅಪ್ಪ ಚಾಲಕರ ಸಂಘದ ಹಿಂಕೋಣೆಯಲ್ಲಿ
ನಂಬರ್ ಪ್ಲೇಟ್ ಒತ್ತುವವನು, ಮಾತು ಕಡಿಮೆ.
“ವಾಲಿ ಬರುತ್ತಾನೆ,” ಅಂದ ಒಮ್ಮೆ. “ದೊಡ್ಡ ಮೊಹರು ತರುತ್ತಾನೆ.
ಒಂದು ಮೊಹರಿಗೆ ನೂರ ನಲವತ್ತು ಕಿಲೋಮೀಟರ್
ಹೋಗುವುದು ತಪ್ಪುತ್ತದೆ.”
“ಜೈಲೂ ದೊಡ್ಡದು ಕಟ್ಟುತ್ತಾರೆ,” ಅಂದಳು ಅಮ್ಮ.

ಯೆತೆರ್‌ಗೆ ನೋವು ಬಂದದ್ದು ಫೆಬ್ರವರಿಯಲ್ಲಿ.
ಸಿವಾಸಿನ ದಾರಿ ಮುಚ್ಚಿತ್ತು. ಆಂಬುಲೆನ್ಸ್
ಎರ್ಜಿಂಜಾನಿನ ಕಡೆ ತಿರುಗಿತು
(ನನ್ನ ಹೆಸರು ಆವತ್ತೊಂದು ದಿನ ಕೆಲಸಕ್ಕೆ ಬಂತು).
ಕಣಿವೆಯ ನೆತ್ತಿಯಲ್ಲಿ, ಎರಡು ಪ್ರಾಂತ್ಯಗಳ
ಸ್ವಾಗತ ಫಲಕಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಲ್ಲಿ
ಅಯ್ವಾಜ್ ಹುಟ್ಟಿದ. ಡ್ರೈವರ್ ಗಳಿಗೆಯನ್ನು
ಕೈಗವಸಿನ ಮೇಲೆ ಪೆನ್ನಿನಲ್ಲಿ ಗೀಚಿಕೊಂಡ.
ಯಾವ ಫಲಕದ ಆಚೆ ಎಂದು ಯಾರೂ ನೋಡಲಿಲ್ಲ.
ಗುಮಾಸ್ತೆ ಬರೆದಳು: ಎರ್ಜಿಂಜಾನ್.
ಹೀಗೆ ನಮ್ಮ ಮನೆಯಲ್ಲೊಬ್ಬ ಪರಪ್ರಾಂತ್ಯದವ,
ಒಂದೇ ತಟ್ಟೆಯಲ್ಲಿ ಉಣ್ಣುವವ.

ಅಪ್ಪ ಹೋದ ಮೇಲೆ ಹಿಟ್ಟಿನ ಪೆಟ್ಟಿಗೆ ಸರಿಸಿದೆವು.
ಅಡಿಯಲ್ಲಿ, ಹಳೇ ದಿಂಬಿನ ಚೀಲದೊಳಗೆ,
ಅಲ್ಯುಮಿನಿಯಮ್ ತಗಡು, ಕಪ್ಪು ಅಂಚು ಕೂಡ ಬಳಿದದ್ದು:
82.
ಮುಂದೆ ಅಕ್ಷರವಿಲ್ಲ, ಅಂಕಿಯಿಲ್ಲ. ಖಾಲಿ.
ಯಾವ ರಾತ್ರಿ ಒತ್ತಿದನೋ.
ಆ ಯಂತ್ರದ ಸದ್ದು ಇಡೀ ಬೀದಿಗೆ ಕೇಳುತ್ತದೆ;
ಯಾರೋ ಕೇಳಿಯೂ ಸುಮ್ಮನಿದ್ದಾರೆ.
ಅಮ್ಮ ಸೆರಗಿನಲ್ಲಿ ಹಿಟ್ಟು ಒರೆಸಿ, ತಿರುಗಿಸಿ ನೋಡಿ,
“ಎಂಟು ಸ್ವಲ್ಪ ವಾಲಿದೆ,” ಅಂದಳು. ಅಷ್ಟೇ.

ಈಗದು ಅಯ್ವಾಜನ ಹಿಮಗಾಡಿಯ ಹಿಂದೆ.
ಎರಡು ಮೊಳೆ. ಮೊನ್ನೆ ಸರ್ಕಾರಿ ಕಚೇರಿಯ ಹಿಂದಿನ
ಇಳಿಜಾರಿನಲ್ಲಿ ಕಿರುಚುತ್ತಾ ಜಾರಿ ಬಂದು
ಟ್ರಾಫಿಕ್ ಪೇದೆಯ ಬೂಟಿಗೆ ಗುದ್ದಿ ನಿಂತ.
ಪೇದೆ ಎದಿರ್ನೆಯವನು, ದೇಶದ ಆ ಕೊನೆ,
ಇಲ್ಲಿಯ ಚಳಿ ಅವನ ಕಿವಿಗಿನ್ನೂ ಒಗ್ಗಿಲ್ಲ.
ತಗಡನ್ನು ಬಗ್ಗಿ ಓದಿದ. ನನ್ನನ್ನು ನೋಡಿದ.
“ಇಂಥ ಪ್ರಾಂತ್ಯವಿಲ್ಲ,” ಅಂದ.
“ಇಲ್ಲ,” ಅಂದೆ.
“ಜಪ್ತಿ ಮಾಡಬೇಕು.”
“ಹೌದು.”
ಆಚೀಚೆ ನೋಡಿ, ಟೋಪಿ ತೆಗೆದು ನನ್ನ ಕೈಗಿಟ್ಟು,
ಹುಡುಗನ ಹಿಂದೆ ಮಂಡಿ ಮಡಚಿ ಕುಳಿತ.

ಅಂಗಡಿಗೆ ಮರಳಿ ಅಚ್ಚುಗಳಿಗೆ ಎಣ್ಣೆ ಹಚ್ಚಿದೆ.
ಎಂಟಕ್ಕೆ. ಎರಡಕ್ಕೆ.
ಸುಮ್ಮನೆ ಅಲ್ಲ,
ಬೇರೆ ನಂಬರುಗಳಿಗೂ ಬೇಕಾಗುತ್ತವೆ.